ಕಟ್ಟು ಭಾವನ ಕೇಬಲ್ಲು

ಬಂಧುಬಳಗದಲ್ಲಿ ಒಬ್ಬನಿಗೆ ಕಂಪ್ಯೂಟರ್ ಬಿಚ್ಚಿ ಜೋಡಿಸಲು ಬರುತ್ತದೆ ಎಂದು ಗೊತ್ತಾದರೆ ಸಾಕು, ಆಮೇಲೆ ಅವನ ಭಾನುವಾರಗಳು ಅವನವಲ್ಲ. ಇದನ್ನು ನಾನು ಸುಮ್ಮನೆ ಬಾಯಿಗೆ ಬಂದಂತೆ ಹೇಳುತ್ತಿಲ್ಲ. ನನ್ನ ಭಾವನನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪಾರ್ಸಲ್ ಆಫೀಸಿನಲ್ಲಿ ಕೆಲಸ. ಜನ ತಂದು ಸುರಿಯುವ ಸಾಮಾನಿಗೆ, ಅದು ಗಾಜಿನ ದೀಪವಾಗಲಿ ಕುರ್ಚಿಯ ಕಾಲಾಗಲಿ, ರಟ್ಟು ಸುತ್ತಿ ಹಗ್ಗ ಬಿಗಿದು ಲಾರಿಗೆ ಏರಿಸಲು ತಯಾರು ಮಾಡುವುದು. ಅವರು ಕಟ್ಟಿದ್ದು ದಾರಿಯಲ್ಲಿ ಸಡಿಲವಾಯಿತು ಎಂಬ ದೂರು ಇದುವರೆಗೆ ಬಂದಿಲ್ಲ. ಮನೆಯಲ್ಲೂ ಅದೇ ಚಾಳಿ. ಹಳೆಯ ಪತ್ರಿಕೆ, ಒಗೆದ ಕಾಲುಚೀಲ, ಕೊತ್ತಂಬರಿ ಸೊಪ್ಪು, ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿ ಇಡುತ್ತಾರೆ. ಅದಕ್ಕೇ ನಮ್ಮಲ್ಲಿ ಅವರಿಗೆ ಕಟ್ಟು ಭಾವ ಎಂದು ಹೆಸರು ಬಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರ ಕೋಪ ಎಲ್ಲಿದೆ ಎಂದು ಹುಡುಕಲು ಟಾರ್ಚ್ ಬೇಕು.

ಕಂಪ್ಯೂಟರಿನ ಹುಚ್ಚು ಅವರಿಗೆ ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಯಾರೋ ವಿಳಾಸವಿಲ್ಲದೆ ಬಿಟ್ಟು ಹೋದ ಒಂದು ಹಳೆಯ ಕ್ಯಾಬಿನೆಟ್ಟನ್ನು ಆಫೀಸಿನವರು ಬಿಸಾಕಲು ಹೊರಟಿದ್ದರಂತೆ, ಇವರು ಕೇಳಿ ಮನೆಗೆ ತಂದರು. ಅದನ್ನು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಆಮೇಲೆ ಬಳಗದಲ್ಲಿ ಯಾರಿಗೆ ಕಂಪ್ಯೂಟರ್ ಬೇಕಾದರೂ ಭಾವನೇ ಬೇಕು. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಅಂಗಡಿ ಅಂಗಡಿ ಅಲೆದು, ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕೂತು ಜೋಡಿಸಿ ಕೊಡುವವರು ಅವರು. ಕೂಲಿ ಇಲ್ಲ. ಒಂದು ಲೋಟ ಟೀ, ಅದೂ ಅವರು ತಲೆ ಎತ್ತುವ ಹೊತ್ತಿಗೆ ತಣ್ಣಗಾದದ್ದು.

ಜೋಡಿಸಿ ಕೊಟ್ಟ ಮೇಲಾದರೂ ಬಿಡುತ್ತಾರೆಯೆ? ನಮ್ಮ ಸೋದರಮಾವ ಇದ್ದಾರೆ. ಅವರ ಮನೆಯಲ್ಲಿ ಭಾವ ಕಂಪ್ಯೂಟರಿಗೆ ಕೈ ಹಚ್ಚಿದ ದಿನದಿಂದ ಆ ಮನೆಯಲ್ಲಿ ಕೆಟ್ಟದ್ದೆಲ್ಲ ಭಾವನ ಲೆಕ್ಕಕ್ಕೆ. ಒಂದು ಸಲ ಫೋನ್ ಮಾಡಿ, “ಅಳಿಯಂದ್ರೇ, ನೀವು ಬಂದು ಹೋದ್ಮೇಲೆ ಫ್ರಿಜ್ಜು ಗೊರಗೊರ ಅಂತಿದೆ ನೋಡಿ” ಎಂದರು. ನಾನಾಗಿದ್ದರೆ ಆ ಫ್ರಿಜ್ಜಿನೊಳಗೇ ಮಾವನನ್ನು ಕೂರಿಸಿ ಬರುತ್ತಿದ್ದೆ. ಭಾವ ಹೋದರು, ಫ್ರಿಜ್ಜಿನ ಕಾಲಿನ ಕೆಳಗೆ ರಟ್ಟಿನ ತುಂಡು ಇಟ್ಟರು, ಗೊರಗೊರ ನಿಂತಿತು.

ಇಷ್ಟೆಲ್ಲ ಹೇಳಿದ್ದು ಭಾವನನ್ನು ಹೊಗಳಲು ಅಲ್ಲ. ಅವರ ಒಂದು ದೌರ್ಬಲ್ಯವನ್ನೂ ಹೇಳಬೇಕು. ಕ್ಯಾಬಿನೆಟ್ಟಿನ ಒಳಗೆ ಯಾರೂ ನೋಡದ ಜಾಗದಲ್ಲಿ ಅವರು ಕೇಬಲ್ಲುಗಳನ್ನು ಕಟ್ಟುವ ರೀತಿ ನೋಡಬೇಕು. ಒಂದು ವೈರು ಇನ್ನೊಂದರ ಮೇಲೆ ಹಾಯಬಾರದು. ಮೂಲೆಯಲ್ಲಿ ತಿರುಗುವ ಕಡೆ ಎಲ್ಲವೂ ಒಂದೇ ಬಾಗು ಬಾಗಬೇಕು. ಮೇಣ ಹಚ್ಚಿದ ದಾರದಲ್ಲಿ ಬೆರಳಿನಗಲಕ್ಕೊಂದು ಗಂಟು. ಪಕ್ಕದ ಮುಚ್ಚಳ ತೆಗೆದು ಅದನ್ನು ನೋಡುತ್ತ ಕೂತರೆ ಊಟಕ್ಕೆ ಕರೆದರೂ ಕಿವಿಗೆ ಬೀಳುವುದಿಲ್ಲ. “ಮದುವೆಯಲ್ಲಿ ನನ್ನ ಮುಖಾನೂ ಇಷ್ಟು ಹೊತ್ತು ನೋಡ್ಲಿಲ್ಲ ಕಣೇ” ಎಂದು ಅಕ್ಕ ರೇಗಿಸುತ್ತಾಳೆ.

ಅಕ್ಕನದು ಮನೆಯಲ್ಲೇ ಕೆಲಸ. ಮುಂದಿನ ಕೋಣೆಯಲ್ಲಿ ಕಸೂತಿ ಯಂತ್ರ ಇದೆ. ಶಾಲೆಯ ಅಂಗಿಗಳ ಬ್ಯಾಡ್ಜು, ಹೋಟೆಲಿನ ಕರವಸ್ತ್ರದ ಅಂಚು, ಆಟದ ತಂಡಗಳ ಅಂಗಿಯ ಮೇಲಿನ ಹುಲಿ ಹದ್ದು, ಎಲ್ಲ ಅಲ್ಲೇ ಹುಟ್ಟುತ್ತವೆ. ಯಂತ್ರ ತಾನಾಗಿ ಹೊಲಿಯುತ್ತದೆ ನಿಜ, ಆದರೆ ಯಾವ ಹೊಲಿಗೆ ಎಲ್ಲಿಂದ ಎಲ್ಲಿಗೆ, ಯಾವ ದಿಕ್ಕಿಗೆ, ಎಷ್ಟು ಒತ್ತಾಗಿ ಎಂದು ಒಂದೊಂದನ್ನೂ ಮೊದಲು ಕಂಪ್ಯೂಟರಿನಲ್ಲಿ ಕೂತು ಹೇಳಿಕೊಡಬೇಕು. ಒಂದು ಹುಲಿಯ ಮೀಸೆಗೆ ಅಕ್ಕ ಇಡೀ ಮಧ್ಯಾಹ್ನ ಕೊಟ್ಟದ್ದನ್ನು ನಾನು ನೋಡಿದ್ದೇನೆ. ನಾನು ಅವಳ ಜೊತೆ ಇದ್ದುಕೊಂಡು ದಾರ ಏರಿಸುವುದು, ಹೊಲಿದ ಬಟ್ಟೆಯ ಹಿಂದಿನ ಎಳೆ ಕತ್ತರಿಸುವುದು, ಗಿರಾಕಿಗಳಿಗೆ ತಲುಪಿಸಿ ಬರುವುದು, ಇಂಥ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ಹೀಗೆ ಮಾಡಿದ ಡಿಸೈನುಗಳೆಲ್ಲ ಭಾವ ಕಟ್ಟಿಕೊಟ್ಟ ಕಂಪ್ಯೂಟರಿನ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಅದರ ನಕಲು ಇನ್ನೊಂದು ಡಿಸ್ಕಿನಲ್ಲಿತ್ತು. ಒಂದು ಹೋದರೆ ಇನ್ನೊಂದು ಇರಲಿ ಎಂದು ಭಾವನೇ ಮಾಡಿದ ಏರ್ಪಾಡು. ಎರಡೂ ಒಂದೇ ಕ್ಯಾಬಿನೆಟ್ಟಿನಲ್ಲಿ, ಒಂದರ ಮೇಲೊಂದು, ಒಂದೇ ಕೇಬಲ್ಲಿನಿಂದ ಕರೆಂಟು ಕುಡಿದುಕೊಂಡು ಇದ್ದವು.

ಒಂದು ದಿನ ಅಕ್ಕ ಆಸ್ಪತ್ರೆಯವರ ಕೋಟಿನ ಡಿಸೈನು ಮಾಡುತ್ತಿದ್ದಾಗ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿ ಹೋಯಿತು. ಮತ್ತೆ ಹಾಕಿದರೆ ಹತ್ತಿತು, ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. ಭಾವ ಬಂದು ತಮ್ಮ ಕ್ರಮದಲ್ಲಿ ಶುರು ಮಾಡಿದರು. ಎಲ್ಲವನ್ನೂ ಕಳಚುವುದು, ಆಮೇಲೆ ಒಂದೊಂದನ್ನೇ ಸೇರಿಸುತ್ತ ಹೋಗುವುದು, ಯಾವುದನ್ನು ಸೇರಿಸಿದಾಗ ಕೆಡುತ್ತದೋ ಅದೇ ಕಳ್ಳ. ಈ ಸಲ ಏನನ್ನೂ ಸೇರಿಸದಿದ್ದರೂ ಆರುತ್ತಿತ್ತು. ಹಾಗಾದರೆ ಎಲ್ಲಕ್ಕೂ ಕರೆಂಟು ಹಂಚುವ ಡಬ್ಬ, ಪವರ್ ಸಪ್ಲೈದೇ ತಪ್ಪು. ಡಬ್ಬದ ಜಾಲರಿಯಿಂದ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಒಂದು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೂತಿತ್ತು. ಡಬ್ಬವನ್ನೇ ಬದಲಾಯಿಸುವುದು ವಾಸಿ ಎಂದರು.

ಹೊಸದನ್ನು ತಂದರು. ಅದೇ ಕಂಪನಿಯದು. ಬೇಕೆಂದೇ ಅದೇ ಕಂಪನಿ. ಬೇರೆ ಬೇರೆ ಕಂಪನಿಯ ಕೇಬಲ್ಲುಗಳನ್ನು ಬೆರೆಸಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತು. ಮದರ್‌ಬೋರ್ಡಿಗೆ ಹೋಗುವ ಕೇಬಲ್ಲು ಡಬ್ಬಕ್ಕೇ ಅಂಟಿಕೊಂಡು ಬಂದಿತ್ತು, ಅದನ್ನು ಹಾಕಿದರು. ಹಾರ್ಡ್ ಡಿಸ್ಕುಗಳಿಗೆ ಹೋಗುವ ಕೇಬಲ್ಲು ಮಾತ್ರ ಬಿಡಿ. ಒಂದು ತುದಿ ಡಿಸ್ಕಿಗೆ, ಇನ್ನೊಂದು ತುದಿ ಡಬ್ಬದ ಬೆನ್ನಿಗೆ ಚುಚ್ಚುವುದು. ಹಳೆಯ ಕೇಬಲ್ಲು ಡಿಸ್ಕಿನಿಂದ ಹಿಡಿದು ಮೂಲೆ ತಿರುಗಿ ಕೆಳಗಿನವರೆಗೆ ಮೇಣದ ದಾರದಲ್ಲಿ ಕಟ್ಟಿಸಿಕೊಂಡು ನೀಟಾಗಿ ಮಲಗಿತ್ತು. ಭಾವ ಅದನ್ನು ಒಮ್ಮೆ ನೋಡಿದರು, ಹೊಸ ಡಬ್ಬದ ಜೊತೆ ಬಂದ ಸುರುಳಿ ಸುತ್ತಿದ ಕೇಬಲ್ಲನ್ನು ಒಮ್ಮೆ ನೋಡಿದರು. ಅಷ್ಟು ಚೆಂದದ ಕಟ್ಟನ್ನು ಬಿಚ್ಚಲು ಅವರಿಗೆ ಮನಸ್ಸು ಬರಲಿಲ್ಲ. ಹಳೆಯದರ ತುದಿಯನ್ನೇ ಹೊಸ ಡಬ್ಬಕ್ಕೆ ಚುಚ್ಚಿದರು. ಟಕ್ ಎಂದು ಕೂತಿತು. ಅದೇ ಮೂತಿ, ಅದೇ ಪಿನ್ನು, ಕೊಕ್ಕೆ ಕೂಡ ಅದೇ ಜಾಗದಲ್ಲಿ.

ಸ್ವಿಚ್ ಒತ್ತಿದರು. ಏನೋ ಒಂದು ಸಣ್ಣಗೆ ಚಟ್ ಎಂದಿತು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ ಬಂತು, ಹೆಚ್ಚಿಲ್ಲ, ಇಸ್ತ್ರಿಪೆಟ್ಟಿಗೆ ಕೆಳಗೆ ಗುಂಡಿ ಸಿಕ್ಕಿಕೊಂಡರೆ ಬರುವಷ್ಟು.

ಭಾವ ಪ್ಲಗ್ ಕಿತ್ತರು. ಕೇಬಲ್ಲು ಕಳಚಿ, ಡಬ್ಬಕ್ಕೆ ಮಾತ್ರ ಮತ್ತೆ ಕರೆಂಟು ಕೊಟ್ಟು, ಮಲ್ಟಿಮೀಟರ್ ತಂದು ಅದರ ಬೆನ್ನಿನ ಒಂದೊಂದು ತೂತಿಗೂ ಮುಳ್ಳು ಇಟ್ಟು ನೋಡಿದರು. ಹಳೆಯ ಡಬ್ಬದಲ್ಲಿ ಐದು ವೋಲ್ಟು ಬರುತ್ತಿದ್ದ ತೂತಿನಲ್ಲಿ ಹೊಸದರಲ್ಲಿ ಹನ್ನೆರಡು ಬರುತ್ತಿತ್ತು. ಅದೇ ಕಂಪನಿ, ಅದೇ ಹೆಸರು, ಡಬ್ಬದ ಮೇಲೆ ಅದೇ ಚಿತ್ರ, ಒಳಗಿನ ವೈರು ಮಾತ್ರ ಅದಲುಬದಲು. ಐದು ಕುಡಿಯುವ ಬಾಯಿಗೆ ಹನ್ನೆರಡು ಸುರಿದಂತಾಗಿತ್ತು. ಎರಡು ಡಿಸ್ಕಿಗೂ ಒಟ್ಟಿಗೇ.

ನಾನು ಇದನ್ನು ಎಷ್ಟು ಸಲ ಯೋಚಿಸಿದರೂ ಮೈ ಉರಿಯುತ್ತದೆ. ಎರಡು ಬೇರೆ ಬೀಗಕ್ಕೆ ಎರಡು ಬೇರೆ ಕೀಲಿ ಮಾಡುವಷ್ಟು ಬುದ್ಧಿ ಎಲ್ಲರಿಗೂ ಇದೆ. ಈ ಕಂಪನಿಯವರು ಒಳಗೆ ವೈರು ಬದಲಾಯಿಸಿದರಲ್ಲ, ಮೂತಿಯನ್ನು ಒಂದು ಕೂದಲೆಳೆಯಷ್ಟು ಬದಲಾಯಿಸಲು ಏನು ದಾಡಿಯಾಗಿತ್ತು? ಕೂರದೇ ಇದ್ದಿದ್ದರೆ ಭಾವ ಆ ಕ್ಷಣವೇ ಕೈ ತೆಗೆಯುತ್ತಿದ್ದರು. ಟಕ್ ಎಂದು ಕೂರಿಸಿಕೊಂಡು ಆಮೇಲೆ ಸುಟ್ಟಿತು. ಇದಕ್ಕೆ ಮೋಸ ಅನ್ನದೆ ಬೇರೇನು ಅನ್ನಬೇಕೋ ನನಗೆ ತಿಳಿಯದು.

ಭಾವ ಹಾಗೆ ಯೋಚಿಸಲಿಲ್ಲ. ಮೀಟರನ್ನು ಕೆಳಗಿಟ್ಟು ಅಕ್ಕನ ಮುಖ ನೋಡದೆ, “ನಾನೇ ಸುಟ್ಟೆ. ಎರಡೂ ಹೋಯ್ತು” ಎಂದರು.

ಯಂತ್ರದ ಮುಂದೆ ಆಸ್ಪತ್ರೆಯ ಕೋಟುಗಳು ರಾಶಿ ಬಿದ್ದಿದ್ದವು. ಅವುಗಳ ಜೇಬಿನ ಮೇಲೆ ಹೊಲಿಯಬೇಕಾದದ್ದು ಆ ಡಿಸ್ಕಿನೊಳಗಿತ್ತು. ಅಷ್ಟೇ ಅಲ್ಲ, ಇಷ್ಟು ವರ್ಷ ಅವಳನ್ನು ನಂಬಿ ಬರುತ್ತಿದ್ದ ಶಾಲೆ, ಹೋಟೆಲು, ತಂಡ, ಎಲ್ಲರ ಕೆಲಸವೂ ಅದರೊಳಗೇ. ‘ಹೋದ ವರ್ಷದ್ದೇ ಹಾಕಿಕೊಡಿ’ ಎಂದು ಬರುವ ಗಿರಾಕಿಗಳೇ ಅವಳಿಗೆ ಹೆಚ್ಚು. ಅವರಿಗೆಲ್ಲ ಹೋದ ವರ್ಷದ್ದು ಇಲ್ಲ ಎನ್ನಬೇಕಾಗಿತ್ತು. ಅಕ್ಕ ಕೋಟೊಂದನ್ನು ಎತ್ತಿ ಮಡಿಸಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ನನಗೆ ಅಳು ಬಂತು.

ಸುದ್ದಿ ಬಳಗಕ್ಕೆ ಹಬ್ಬಲು ಎಷ್ಟು ಹೊತ್ತು ಬೇಕು? ಮಾವ ಫೋನ್ ಮಾಡಿದರು. ಭಾವ ಎತ್ತಲಿಲ್ಲ, ನಾನು ಎತ್ತಿದೆ.

“ಅದಕ್ಕೇ ನಾನು ಮೊದಲಿಂದ ಹೇಳೋದು, ಇಂಥದ್ದನ್ನೆಲ್ಲ ಅಂಗಡಿಯವರ ಹತ್ರ ಮಾಡಿಸ್ಬೇಕು ಅಂತ. ಮನೆಯವರು ಕೈ ಹಾಕಿದ್ರೆ ಹೀಗೇ ಆಗೋದು” ಎಂದರು ಮಾವ.

“ಯಾವಾಗ ಹೇಳಿದ್ರಿ ಮಾವ? ಫ್ರಿಜ್ಜಿನ ಕೆಳಗೆ ರಟ್ಟು ಇಡಿಸ್ಕೊಂಡಾಗ್ಲಾ?”

“ಏನೇ ಅದು, ದೊಡ್ಡವರ ಹತ್ರ ಮಾತಾಡೋ ರೀತಿ?”

“ನಿಮ್ಮ ಕಂಪ್ಯೂಟರ್ ಕೆಟ್ಟಾಗ ಅಂಗಡಿಗೇ ತಗೊಂಡು ಹೋಗಿ ಮಾವ. ಭಾವ ಇನ್ನು ಬರಲ್ಲ” ಎಂದು ಫೋನ್ ಇಟ್ಟೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ನೋಡಲಿ. ಮಾತು ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ.

ನಾನು ಮಾವನಿಗೆ ಬಿಸಿ ಮುಟ್ಟಿಸಲು ಹಾಗೆ ಅಂದದ್ದು, ಭಾವ ಅದನ್ನು ನಿಜವೇ ಮಾಡಿದರು. ಸ್ಕ್ರೂಡ್ರೈವರು, ಇಕ್ಕಳ, ಮೀಟರು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಅಟ್ಟದ ಮೇಲೆ ಹಾಸಿಗೆಗಳ ಹಿಂದೆ ತಳ್ಳಿದರು. ಡಿಸ್ಕುಗಳನ್ನು ಬದುಕಿಸಲು ಏನಾದರೂ ದಾರಿ ಇದೆಯೇ ಎಂದು ಅಕ್ಕ ಮೆತ್ತಗೆ ಕೇಳಿದಳು.

“ಇರ್ಬಹುದು. ಅದರ ಹೊಟ್ಟೆ ಮೇಲಿನ ಬೋರ್ಡಲ್ಲಿ ಕಾವಲಿಗೆ ಅಂತ ಒಂದು ಸಣ್ಣ ತುಂಡು ಇರುತ್ತೆ. ಒಂದೊಂದ್ಸಲ ಅದೊಂದೇ ಸುಟ್ಟಿರುತ್ತೆ, ಒಳಗಡೆ ಎಲ್ಲ ಉಳಿದಿರುತ್ತೆ” ಎಂದರು ಭಾವ.

“ಹಾಗಾದ್ರೆ ನೀವೇ ನೋಡ್ಬಾರ್ದಾ?”

“ನಾನು ಮುಟ್ಟಲ್ಲ. ಉಳಿದಿದ್ದರೆ ಅದನ್ನೂ ನಾನೇ ಕೊಲ್ತೀನಿ. ಬೇರೆ ಯಾರ ಹತ್ರಾನಾದ್ರೂ ತೋರಿಸು.” ಕೈ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿತ್ತು.

ಅಕ್ಕ ಎರಡು ಕಡೆ ಕೇಳಿ ನೋಡಿದಳು. ಒಬ್ಬರು ಡಿಸ್ಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ ವಾಪಸು ಕೊಟ್ಟರು. ಇನ್ನೊಬ್ಬರು ಬೇರೆ ಊರಿಗೆ ಕಳಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು, ಬಂದರೂ ಏನು ಉಳಿದಿರುತ್ತದೋ ಹೇಳಲಾಗದು ಎಂದರು. ಆಸ್ಪತ್ರೆಯವರು ಕೋಟು ಯಾವಾಗ ಎಂದು ಕೇಳುತ್ತಿದ್ದರು. ಭಾವ ಬೆಳಗ್ಗೆ ಎದ್ದು ಪಾರ್ಸಲ್ ಆಫೀಸಿಗೆ ಹೋಗುವುದು, ಸಂಜೆ ಬಂದು ಗೋಡೆ ನೋಡುವುದು, ಇಷ್ಟೇ ಆಯಿತು.

ನನಗೆ ಸಹಿಸಲು ಆಗಲಿಲ್ಲ. ಹಳೆಯ ಕೇಬಲ್ಲು, ಹೊಸ ಕೇಬಲ್ಲು, ಡಬ್ಬ ಎಲ್ಲವನ್ನೂ ಚೀಲಕ್ಕೆ ತುಂಬಿ, ಭಾವನಿಗೆ ಅರ್ಧ ದಿನ ರಜಾ ಹಾಕಿಸಿ, ಕಂಪನಿಯ ಸರ್ವಿಸ್ ಸೆಂಟರಿಗೆ ಎಳೆದುಕೊಂಡು ಹೋದೆ. “ಬೇಡಮ್ಮ, ತಪ್ಪು ನಂದು” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು. “ನೀವು ಮಾತಾಡ್ಬೇಡಿ, ನನ್ನ ಪಕ್ಕ ನಿಂತ್ಕೊಳ್ಳಿ ಸಾಕು” ಎಂದೆ.

ಅದೊಂದು ತಣ್ಣನೆಯ, ಗಾಜಿನ ಬಾಗಿಲಿನ ಕೋಣೆ. ಗೋಡೆಯ ಮೇಲೆ ನಗುವ ಮುಖಗಳ ಚಿತ್ರ, ಬೆಂಚಿನ ಮೇಲೆ ನಗದ ಮುಖಗಳ ಸಾಲು. ಟೋಕನ್ ಹಿಡಿದು ಕಾದೆವು. ಮೇಜಿನ ಹಿಂದಿನವನು ಅಂಗಿಯ ಮೇಲೆ ಕಂಪನಿಯ ಬ್ಯಾಡ್ಜು ಹಾಕಿದ್ದ. ಅದರ ಅಂಚಿನ ಹೊಲಿಗೆ ಬಿಟ್ಟುಕೊಂಡು ಎಳೆ ನೇತಾಡುತ್ತಿತ್ತು. ಅಕ್ಕ ಅಂಥದ್ದನ್ನು ಗಿರಾಕಿಗೆ ಕೊಡುವುದಿರಲಿ, ನೆಲ ಒರೆಸಲೂ ಇಟ್ಟುಕೊಳ್ಳುವುದಿಲ್ಲ.

ಎರಡು ಕೇಬಲ್ಲಿನ ಮೂತಿಯನ್ನೂ ಅವನ ಮುಂದೆ ಇಟ್ಟೆ. “ಇದರಲ್ಲಿ ಯಾವುದು ಯಾವ ಡಬ್ಬದ್ದು ಹೇಳಿ ನೋಡೋಣ.”

ಅವನು ಮುಟ್ಟಲೂ ಇಲ್ಲ. “ಮೇಡಂ, ಬಾಕ್ಸಲ್ಲಿ ಬಂದಿರೋ ಕೇಬಲ್ಲೇ ಹಾಕ್ಬೇಕು. ಪುಸ್ತಕದಲ್ಲಿ ಇದೆ.”

“ಪುಸ್ತಕದಲ್ಲಿ ಇದ್ದದ್ದು ಪಿನ್ನಿನ ಮೇಲೆ ಯಾಕಿಲ್ಲ?”

“ಅದು ನಂಗೊತ್ತಿಲ್ಲ ಮೇಡಂ. ಡಬ್ಬ ಬಿಟ್ಟು ಹೋಗಿ, ಚೆಕ್ ಮಾಡಿ ಇಡ್ತೀವಿ. ಬರೋ ಶನಿವಾರ ಬನ್ನಿ. ಡಿಸ್ಕಿಗೆ ನಾವು ಜವಾಬ್ದಾರರಲ್ಲ.”

“ಎರಡೂ ನಿಮ್ಮದೇ ಕಂಪನಿ. ಒಂದರ ಕೇಬಲ್ಲು ಇನ್ನೊಂದಕ್ಕೆ ಕೂರುತ್ತೆ. ಕೂತು ಸುಡುತ್ತೆ. ಇದು ನಿಮಗೆ ಸರಿ ಅನ್ಸುತ್ತಾ?”

“ನೋಡಿ, ಇಲ್ಲಿವರೆಗೆ ಯಾರೂ ಈ ಥರ ಹೇಳ್ಕೊಂಡು ಬಂದಿಲ್ಲ. ನೀವೇ ಫಸ್ಟು.” ಹೀಗೆಂದು ಭಾವನ ಕಡೆ ನೋಡಿ, ಸ್ವಲ್ಪ ನಕ್ಕು, “ಸ್ವಂತ ರಿಪೇರಿ ಮಾಡೋವಾಗ ಸ್ವಲ್ಪ ನೋಡ್ಕೊಂಡು ಮಾಡ್ಬೇಕು ಸಾರ್” ಎಂದ.

ಭಾವ ತಲೆ ತಗ್ಗಿಸಿದರು. ಗಾಯದ ಮೇಲೆ ಉಪ್ಪು ಸುರಿದವನ ಬ್ಯಾಡ್ಜಿನ ಆ ನೇತಾಡುವ ಎಳೆಯನ್ನು ಹಿಡಿದು ಎಳೆದು ಪೂರ್ತಿ ಬಿಚ್ಚಿಬಿಡೋಣ ಎನಿಸಿತು ನನಗೆ.

ಅಷ್ಟರಲ್ಲಿ ನಮ್ಮ ಹಿಂದೆ ಟೋಕನ್ ಹಿಡಿದು ನಿಂತಿದ್ದ ಅಜ್ಜ ಒಬ್ಬರು ಮುಂದೆ ಬಂದು, ಮೇಜಿನ ಮೇಲಿದ್ದ ಕೇಬಲ್ಲನ್ನು ಕನ್ನಡಕ ಏರಿಸಿ ನೋಡಿದರು. ಅವರ ಬಟ್ಟೆಯ ಚೀಲದಲ್ಲೂ ಅದೇ ಕಂಪನಿಯ ಡಬ್ಬ ಇತ್ತು.

“ಡಬ್ಬ ಬದಲಾಯಿಸ್ದಾಗ ನಾನೂ ಹಳೇ ಕೇಬಲ್ಲೇ ಬಿಟ್ಟೆನಲ್ಲಪ್ಪ” ಎಂದರು ಅಜ್ಜ. “ಹೆಂಗೂ ಡಿಸ್ಕಿಗೆ ಕೂತೇ ಇದೆ, ಸುಮ್ನೆ ಯಾಕೆ ಕೀಳೋದು ಅಂತ. ಡಿಸ್ಕು ಹೋಯ್ತು. ಇಲ್ಲಿಗೆ ತಂದಿದ್ದೆ. ಇವರೇ ನೋಡಿ ಡಿಸ್ಕಿಗೆ ವಯಸ್ಸಾಗಿತ್ತು, ಅದಕ್ಕೇ ಹೋಗಿದೆ ಅಂದ್ರು. ಹೊಸಾದು ಹಾಕ್ದೆ. ಅದೂ ಹೋಯ್ತು. ಅದಕ್ಕೇ ಈ ಡಬ್ಬದಲ್ಲೇ ಏನೋ ಇದೆ ಅಂತ ಹೊತ್ಕೊಂಡು ಬಂದಿದೀನಿ.”

ಮೇಜಿನವನು ಕಂಪ್ಯೂಟರಿನ ಪರದೆಯಲ್ಲಿ ಬಹಳ ಮುಖ್ಯವಾದದ್ದೇನೋ ಹುಡುಕತೊಡಗಿದ.

ಭಾವ ಅಲ್ಲಿ ಮೊದಲ ಸಲ ಬಾಯಿ ತೆರೆದರು. “ಆ ಮೊದಲನೇ ಡಿಸ್ಕ್ ಎಲ್ಲಿದೆ ಈಗ?”

“ಇಲ್ಲೇ ಆ ಬುಟ್ಟಿಗೆ ಹಾಕಿ ಅಂದ್ರು, ಹಾಕ್ಬಿಟ್ಟೆ. ಸತ್ತಿದ್ದನ್ನ ಮನೇಲಿಟ್ಟು ಏನ್ಮಾಡೋದು ಹೇಳಿ? ಆಗ್ಲೇ ಬಹಳ ದಿನ ಆಯ್ತು.” ಅಜ್ಜ ಬಾಗಿಲ ಬಳಿಯ ಹಸಿರು ಬುಟ್ಟಿಯನ್ನು ತೋರಿಸಿದರು. ಅದು ಖಾಲಿ ಇತ್ತು. “ಬಾಗಿಲುಗಳ ಫೋಟೋ ಇತ್ತು ಅದರಲ್ಲಿ. ಹಳೇ ಬೀದಿಗಳ ಒಂದೊಂದು ಮನೇ ಬಾಗಿಲನ್ನೂ ತೆಗೆದಿಟ್ಟಿದ್ದೆ. ಈಗ ಆ ಮನೆಗಳೇ ಇಲ್ಲ ಬಿಡಿ, ಒಡೆದು ಬೇರೆ ಕಟ್ಟಿದಾರೆ.”

ಭಾವ ಆ ಬುಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಖಾಲಿ ಎಂದು ದೂರದಿಂದಲೇ ಕಾಣುತ್ತಿತ್ತು, ಆದರೂ ನೋಡಿದರು. ಆಮೇಲೆ ಮೇಜಿನವನ ಎದುರು ಬಂದು ನಿಂತು, “ಇವರ ಡಿಸ್ಕನ್ನ ಬಿಚ್ಚಿ ನೋಡಿದ್ರಾ?” ಎಂದು ಕೇಳಿದರು.

“ಸಾರ್, ನಾವು ಡಿಸ್ಕ್ ಬಿಚ್ಚಲ್ಲ.”

“ಮತ್ತೆ ವಯಸ್ಸಾಗಿದೆ ಅಂತ ಹೆಂಗೆ ಗೊತ್ತಾಯ್ತು?”

ಅವನು ಮುಂದಿನ ಟೋಕನ್ ಕರೆದ. ನಾವು ಡಬ್ಬ ಬಿಟ್ಟು ಹೊರಗೆ ಬಂದೆವು. ಅಜ್ಜನಿಗೂ ಶನಿವಾರವೇ ಬರಲು ಹೇಳಿದ್ದರು.

ಬಸ್ಸಿನಲ್ಲಿ ಭಾವ ನನ್ನ ಪಕ್ಕ ಕೂತರು. ದವಡೆ ಬಿಗಿದುಕೊಂಡಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಇಷ್ಟು ವರ್ಷದಲ್ಲಿ ಆ ಮುಖದಲ್ಲಿ ಕೋಪ ನೋಡಿದ್ದು ಅದೇ ಮೊದಲು. ಹೇಳಬಾರದು, ನನಗೆ ಒಳಗೊಳಗೇ ಖುಷಿಯಾಯಿತು. ಮನೆಗೆ ಬಂದವರು ಚಪ್ಪಲಿ ಬಿಟ್ಟು ನೆಟ್ಟಗೆ ಅಟ್ಟದ ಏಣಿ ಹತ್ತಿದರು. ಪೆಟ್ಟಿಗೆಯ ಹಗ್ಗದ ಗಂಟು ಬಿಚ್ಚುವ ತಾಳ್ಮೆಯೂ ಇರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿದರು. ಕಟ್ಟು ಭಾವ ಗಂಟನ್ನು ಕತ್ತರಿಸಿದ್ದು!

“ಡಿಸ್ಕ್ ತಾ” ಎಂದರು ಅಕ್ಕನಿಗೆ.

ಕಿಟಕಿಯ ಹತ್ತಿರ, ಒಳ್ಳೆಯ ಬೆಳಕಿನಲ್ಲಿ, ಮೊದಲನೆಯ ಡಿಸ್ಕಿನ ಹಸಿರು ಬೋರ್ಡನ್ನು ಬಿಚ್ಚಿದರು. ಅಕ್ಕ ತನ್ನ ಹೊಲಿಗೆಯ ಭೂತಗನ್ನಡಿ ಹಿಡಿದು ನಿಂತಳು. ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ತುಂಡಿನ ಮೇಲೆ ಮೀಟರಿನ ಮುಳ್ಳು ಇಟ್ಟರು. ಮೀಟರು ಕೀಂಯ್ ಎಂದಿತು. ತುಂಡು ಸುಟ್ಟಿತ್ತು. ಅದರ ಪಕ್ಕದ ದೊಡ್ಡ ಚಿಪ್ಪಿನ ನಡುವೆ ಸೂಜಿ ಚುಚ್ಚಿದಷ್ಟು ತೂತೂ ಬಿದ್ದಿತ್ತು. ಭಾವ ತಲೆ ಆಡಿಸಿದರು. “ಇದು ಹೋಯ್ತು.”

ಎರಡನೆಯದು ನಕಲಿನ ಡಿಸ್ಕು. ಅಲ್ಲೂ ಕಾವಲಿನ ತುಂಡು ಸುಟ್ಟಿತ್ತು. ಚಿಪ್ಪು ಮಾತ್ರ ನುಣ್ಣಗೆ, ಕಲೆಯಿಲ್ಲದೆ ಇತ್ತು.

“ಇದು ತಾನು ಸತ್ತು ಉಳಿದವರನ್ನ ಕಾಯ್ತು ಅಂತ ಕಾಣುತ್ತೆ. ಈ ತುಂಡನ್ನ ಕಿತ್ತು ಹಾಕಿದ್ರೆ ಡಿಸ್ಕು ಓಡ್ಬೇಕು. ಕಾವಲಿಲ್ಲದೆ ಓಡುತ್ತೆ, ಆದ್ರೆ ಓಡ್ಬೇಕು” ಎಂದರು ಭಾವ.

“ಕೈ ನಡುಗಲ್ಲ ತಾನೆ?” ಎಂದಳು ಅಕ್ಕ.

“ಈಗ ನಡುಗಲ್ಲ.”

ನಡುಗಲಿಲ್ಲ. ಸಣ್ಣ ಇಕ್ಕಳದ ತುದಿಯನ್ನು ತುಂಡಿನ ಸೊಂಟಕ್ಕೆ ಇಟ್ಟು ಕಚಕ್ ಎಂದು ಅಮುಕಿದರು. ತುಂಡು ಎಲ್ಲಿಗೋ ಹಾರಿ ಹೋಯಿತು. ಬೋರ್ಡನ್ನು ಮತ್ತೆ ಕೂರಿಸಿ, ಪಕ್ಕದ ಮನೆಯವರಿಗೆ ತಾವೇ ಜೋಡಿಸಿ ಕೊಟ್ಟ ಕಂಪ್ಯೂಟರನ್ನು ಕೇಳಿ ತಂದು, ಅದರದೇ ಡಬ್ಬಕ್ಕೆ ಅದರದೇ ಕೇಬಲ್ಲು ಎಂದು ಮೀಟರಿನಲ್ಲಿ ಒಂದೊಂದು ಪಿನ್ನನ್ನೂ ಅಳೆದು, ಆಮೇಲೆ ಡಿಸ್ಕನ್ನು ಸೇರಿಸಿದರು. ಸ್ವಿಚ್ ಒತ್ತುವ ಮೊದಲು ಅಕ್ಕನನ್ನು ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

ಸುಂಯ್ ಎಂದು ಡಿಸ್ಕು ತಿರುಗಿತು. ಪರದೆಯ ಮೇಲೆ ಒಂದೊಂದೇ ಹೆಸರು ಬರತೊಡಗಿತು. ಶಾಲೆ, ಹೋಟೆಲು, ತಂಡ, ಹುಲಿ, ಹುಲಿಯ ಮೀಸೆ. ಅಕ್ಕ ಕಣ್ಣು ಬಿಟ್ಟು ನೋಡಿ, ಭಾವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು, ಆಮೇಲೆ ಅದೇ ಬೆನ್ನಿಗೆ ಹಣೆ ಆನಿಸಿ ಅತ್ತಳು. ನಕಲು ಮಾಡಿದ ಮೇಲೆ ಹೊಸದಾಗಿ ಮಾಡಿದ್ದೆಲ್ಲ ಹೋಗಿತ್ತು, ಆಸ್ಪತ್ರೆಯದ್ದೂ ಅದರಲ್ಲಿ ಸೇರಿತ್ತು. “ಹೋಗ್ಲಿ ಬಿಡಿ, ಅದನ್ನ ಮತ್ತೆ ಮಾಡ್ತೀನಿ. ಇಷ್ಟು ಬಂತಲ್ಲ” ಎಂದಳು.

ಡಿಸೈನುಗಳನ್ನು ಒಂದು ಹೊಸ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕ್ಯಾಬಿನೆಟ್ಟಿನಲ್ಲಿಡದೆ ಅಕ್ಕನ ಬಟ್ಟೆಯ ಬೀರುವಿನಲ್ಲಿಟ್ಟದ್ದಾಯಿತು. ಆದರೆ ಭಾವನ ಮುಖದಲ್ಲಿ ನಗು ಬರಲಿಲ್ಲ. ಕೂತಲ್ಲೇ ಗೊಣಗುತ್ತಿದ್ದರು. “ಆ ಅಜ್ಜಂದೂ ಬದುಕಿರ್ಬಹುದಿತ್ತು. ಎಷ್ಟು ಸುಲಭವಾಗಿ ವಯಸ್ಸಾಗಿದೆ ಅಂದ್ಬಿಟ್ಟ. ಬುಟ್ಟಿಗೆ ಹಾಕಿ ಅಂತೆ, ಬುಟ್ಟಿಗೆ.” ಸ್ವಲ್ಪ ಹೊತ್ತಾದ ಮೇಲೆ ಅಕ್ಕನನ್ನು ಕರೆದರು. “ನಿನ್ನ ಯಂತ್ರದಲ್ಲಿ ಸಣ್ಣ ಬಟ್ಟೆಪಟ್ಟಿ ಮೇಲೆ ಅಕ್ಷರ ಹೊಲಿಯೋಕೆ ಆಗುತ್ತಾ? ಕೇಬಲ್ಲಿನ ಕುತ್ತಿಗೆಗೆ ಕಟ್ಟೋ ಹಾಗೆ.”

“ಆಗುತ್ತೆ. ಏನಂತ ಬರೀಲಿ?”

ಭಾವ ಯೋಚಿಸಿ, ನಿಧಾನವಾಗಿ ಹೇಳಿದರು. “ದಯವಿಟ್ಟು ಗಮನಿಸಿ. ಈ ಕೇಬಲ್ಲನ್ನು ಬೇರೆ ಡಬ್ಬಕ್ಕೆ ಬಳಸಬಾರದಾಗಿ ವಿನಂತಿ.”

ಅಕ್ಕ ಬೆರಳುಗಳನ್ನು ಕೀಲಿಮಣೆಯ ಮೇಲಿಂದ ತೆಗೆದಳು. ಇಷ್ಟು ದಿನ ಒಂದು ದೂರಿನ ಮಾತೂ ಆಡದೆ ಕೋಟು ಮಡಿಸುತ್ತಿದ್ದವಳು ಕುರ್ಚಿಯನ್ನೇ ತಿರುಗಿಸಿ ಕೂತಳು.

“ದಯವಿಟ್ಟು ತೆಗೀರಿ” ಎಂದಳು.

“ಮತ್ತೆ ಹೇಗೆ ಹೇಳೋದು?”

“ವಿನಂತೀನೂ ತೆಗೀರಿ. ನನ್ನ ಇಷ್ಟು ವರ್ಷದ ಕೆಲಸ ಒಂದು ಚಟ್ ಅನ್ನೋದ್ರೊಳಗೆ ಹೋಗಿತ್ತು. ಯಾರಾದ್ರೂ ನನಗೆ ದಯವಿಟ್ಟು ಅಂದ್ರಾ? ಆ ಅಜ್ಜನಿಗೆ ಅಂದ್ರಾ? ನೀವು ತಪ್ಪು ನಂದು ನಂದು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡಿದ್ದು ಸಾಕು. ತಪ್ಪಲ್ಲಿ ನಿಮ್ಮ ಪಾಲು ಇದೆ, ನಾನೇನು ಇಲ್ಲ ಅನ್ನಲ್ಲ. ಬೇರೆ ಇರೋ ಎರಡನ್ನ ಒಂದೇ ಥರ ಮಾಡಿಟ್ಟವರ ಪಾಲನ್ನೂ ನೀವ್ಯಾಕೆ ಹೊರ್ತೀರಿ? ಇದ್ದದ್ದನ್ನ ಇದ್ದ ಹಾಗೆ ಹೇಳಿ, ನಾನು ಹೊಲೀತೀನಿ.”

ಭಾವ ಹಳೆಯ ಕೇಬಲ್ಲಿನ ಮೂತಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಅಂದರು, “ಬೇರೆ ಡಬ್ಬಕ್ಕೂ ಕೂರುತ್ತದೆ. ಕೂತು ಸುಡುತ್ತದೆ.”

ಅಕ್ಕ ಅದನ್ನೇ ಹೊಲಿದಳು. ಬಿಳಿ ಪಟ್ಟಿಯ ಮೇಲೆ ಕೆಂಪು ದಾರ. ಯಂತ್ರ ಮಧ್ಯಾಹ್ನವೆಲ್ಲ ಕಟಕಟ ಎಂದು ಓಡಿತು, ನಾನು ಹಿಂದಿನ ಎಳೆ ಕತ್ತರಿಸುತ್ತ ಕೂತೆ. ಆಸ್ಪತ್ರೆಯವರಿಗೆ ಇನ್ನೊಂದು ದಿನ ತಡ ಎಂದು ಫೋನ್ ಮಾಡಿ ಹೇಳಿದಳು. ಅವರು ಏನೋ ಗೊಣಗಿದರು, ಗೊಣಗಲಿ ಎಂದಳು.

ಶನಿವಾರ ನಾವು ಮೂವರೂ ಹೋದೆವು. ಭಾವ ಒಳಗೆ ಹೋಗಿ ಪಟ್ಟಿಗಳ ಒಂದು ಕಟ್ಟನ್ನು ಮೇಜಿನ ಮೇಲಿಟ್ಟು, “ಒಂದೊಂದು ಬಾಕ್ಸಿಗೂ ಒಂದೊಂದು ಹಾಕಿ ಕೊಡಿ” ಎಂದರು. ಮೇಜಿನವನು ಓದಿ, ಆ ಕಡೆ ಈ ಕಡೆ ನೋಡಿ, ಬೆರಳ ತುದಿಯಲ್ಲಿ ವಾಪಸು ತಳ್ಳಿದ. ಇಂಥದ್ದನ್ನೆಲ್ಲ ಇಟ್ಟುಕೊಳ್ಳಲು ಮೇಲಿನವರ ಅಪ್ಪಣೆ ಇಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಕಟ್ಟನ್ನು ಎತ್ತಿಕೊಂಡು ಹೊರಬಂದು, ಗಾಜಿನ ಬಾಗಿಲಿನ ಒಂದು ಪಕ್ಕ ನಿಂತರು. ಡಬ್ಬ ಹೊತ್ತು ಬರುವವರಿಗೆ, ಹೊಸ ಡಬ್ಬ ಹಿಡಿದು ಹೋಗುವವರಿಗೆ ಒಂದೊಂದು ಪಟ್ಟಿ ಕೊಡತೊಡಗಿದರು. ಕೆಲವರು ಓದದೆ ಜೇಬಿಗೆ ಹಾಕಿಕೊಂಡರು. ಒಬ್ಬಾಕೆ ಓದಿ, ಗಾಬರಿಯಿಂದ ತನ್ನ ಚೀಲದೊಳಗಿನ ಕೇಬಲ್ಲುಗಳನ್ನು ಅಲ್ಲೇ ಮೆಟ್ಟಿಲ ಮೇಲೆ ಸುರಿದು ನೋಡಿದಳು.

ಅಜ್ಜ ಬಂದರು. ಭಾವ ಅವರಿಗೂ ಒಂದು ಪಟ್ಟಿ ಕೊಟ್ಟರು. ಅಜ್ಜ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ನಿಮ್ಮದು ಏನಾಯ್ತು?” ಎಂದು ಕೇಳಿದರು.

“ಒಂದು ಬದುಕ್ತು” ಎಂದರು ಭಾವ.

“ಹೇಗೆ?”

ಭಾವ ಹೇಳಿದರು. ಕಾವಲಿನ ತುಂಡು, ಇಕ್ಕಳ, ಎಲ್ಲ. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು, ಯಾಕೆಂದರೆ ಅಜ್ಜನ ಮುಂದಿನ ಪ್ರಶ್ನೆ ಏನು ಎಂದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು.

“ಹಾಗಾದ್ರೆ ನಂದೂ?”

ಸುಳ್ಳು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಿಮ್ಮದು ಬೇರೆ, ನಿಮ್ಮದಕ್ಕೆ ನಿಜವಾಗಿಯೂ ವಯಸ್ಸಾಗಿತ್ತು ಎಂದುಬಿಡಲಿ. ಆದರೆ ಭಾವ ಅಜ್ಜನ ಮುಖವನ್ನೇ ನೋಡುತ್ತ, “ನೋಡದೆ ಖಂಡಿತ ಅಂತ ಹೇಳೋಕಾಗಲ್ಲ. ಆದ್ರೆ ಬದುಕಿಸ್ಬಹುದಿತ್ತು ಅಂತಲೇ ನನಗನ್ಸುತ್ತೆ” ಎಂದರು.

ಅಜ್ಜ ಗಾಜಿನ ಬಾಗಿಲ ಆಚೆಗಿನ ಹಸಿರು ಬುಟ್ಟಿಯನ್ನು ನೋಡಿದರು. ಕೈಯಲ್ಲಿದ್ದ ಟೋಕನ್ನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಭಾವನ ಕೈಯಲ್ಲಿದ್ದ ಪಟ್ಟಿಗಳಲ್ಲಿ ಅರ್ಧವನ್ನು ತೆಗೆದುಕೊಂಡು, ಬಾಗಿಲಿನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತರು.